ತೊಂಬತ್ತೆರಡನ್ನು ನಲವತ್ತಾರು ಮಾಡಿದ ಮೇಡಂ

ಆ ಮಧ್ಯಾಹ್ನ ಗುಬ್ಬಿಯ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದ್ದವರು ನಾಲ್ಕೇ ಜನ. ಊಟದ ಡಬ್ಬಿ ಮುಚ್ಚಿಟ್ಟು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ ಫಿಸಿಕ್ಸ್ ಸರ್, ಲೋಟ ತೊಳೆಯಲು ಬಂದು ಅದನ್ನು ಬಿಟ್ಟು ಫ್ಯಾನಿನ ಕೆಳಗೆ ನಿಂತಿದ್ದ ಅಟೆಂಡರ್ ರಂಗಮ್ಮ, ಕನ್ನಡ ಪಾಠ ಮಾಡುವ ನಾನು, ಮತ್ತೆ ಬಯಾಲಜಿ ಮೇಡಂ. ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ವಾರ್ಷಿಕ ಪರೀಕ್ಷೆ ಮುಗಿದು ಕಾಲೇಜು ಖಾಲಿ ಹೊಡೆಯುತ್ತಿತ್ತು. ಮೆಡಿಕಲ್ ಎಂಟ್ರೆನ್ಸ್ ಬರೆಯುವ ಮಕ್ಕಳಿಗೆ ಮಾತ್ರ ಬೆಳಗಿನ ಹೊತ್ತು ವಿಶೇಷ ತರಗತಿ ಇತ್ತು. ಎಂಟ್ರೆನ್ಸ್‌ಗೆ ಇನ್ನು ಹದಿನೆಂಟು ದಿನ.

ಬಾಗಿಲಲ್ಲಿ ಚೈತ್ರಾ ಅನ್ನುವ ಹುಡುಗಿ ಬಂದು ನಿಂತಳು. ಇಡೀ ವರ್ಷ ಕೊನೇ ಬೆಂಚಿನಲ್ಲಿ ಕೂತು ಬಾಯಿ ಬಿಡದೇ ಇದ್ದವಳು.

"ಮಿಸ್, ಒಂದ್ ಡೌಟು."

"ಒಳಗ್ ಬಾರೇ. ಹೊಸಲ ಮೇಲೆ ನಿಂತು ಕೇಳಿದ್ರೆ ಅರ್ಧ ಉತ್ತರ ಹೊರಗೇ ಹೋಗುತ್ತೆ" ಅಂದರು ಮೇಡಂ.

"ಬೆಳಿಗ್ಗೆ ಕ್ಲಾಸಲ್ಲಿ ನೀವು ಕ್ರೋಮೋಸೋಮು ನಲವತ್ತಾರು ಅಂದ್ರಿ. ನೋಟ್ಸಲ್ಲಿ ತೊಂಬತ್ತೆರಡು ಅಂತದೆ."

"ಯಾರ್ ನೋಟ್ಸು?"

"ನಿಮ್ದೇ, ಮಿಸ್."

ಮೇಡಂ ಕೈ ಚಾಚಿದರು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಅಂಚೆಲ್ಲ ಕಪ್ಪಾಗಿ, ಅಕ್ಷರಗಳು ಇರುವೆ ಸಾಲಿನಂತೆ ಅಲ್ಲಲ್ಲಿ ಕಡಿದು ಹೋಗಿದ್ದವು. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಮೆಲ್ಲಗೆ, "ಇದು ನನ್ ಕೈಬರಹ ಕಣೇ" ಅಂದರು.

ಫಿಸಿಕ್ಸ್ ಸರ್ ಒಂದು ಕಣ್ಣು ತೆರೆದು, "ಪ್ರಿಂಟ್ ಮಿಸ್ಟೇಕ್ ಇರ್ಬೇಕು, ಬಿಡಿ ಮೇಡಂ" ಅಂದರು.

"ಕೈಬರಹಕ್ಕೆ ಎಲ್ಲಿಂದ ಬರುತ್ತೆ ಸರ್ ಪ್ರಿಂಟ್ ಮಿಸ್ಟೇಕು?"

ಅವರು ಆ ಕಣ್ಣನ್ನೂ ಮುಚ್ಚಿಕೊಂಡರು.

ಹೋದ ತಿಂಗಳು ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಏಳು ಜನ ಮಾತಾಡಿದೆವು. ಅವರ ಶಿಸ್ತು, ಸರಳತೆ, ಅವರ ಕೈಯಲ್ಲಿ ಓದಿ ಡಾಕ್ಟರಾದವರು, ಎಲ್ಲ ಬಂತು. ಅವರು ಮಾಡಿದ ತಪ್ಪಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಶಾಲು ಹೊದಿಸುವ ದಿನ ಅದನ್ನೆಲ್ಲ ಹೇಳುವುದು ಚೆನ್ನಾಗಿರುವುದಿಲ್ಲ ಅಂತ ನಾನೂ ಸುಮ್ಮನೆ ಕೂತಿದ್ದೆ. ಮನೆಗೆ ಬಂದ ಮೇಲೆ ಅನ್ನಿಸಿತು, ಹೇಳಬೇಕಾಗಿದ್ದು ಅದೊಂದೇ ಅಂತ.

ಅವರು ಹೇಗಿದ್ದರು ಅಂತ ಕೇಳಿದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈ ಹೆಬ್ಬೆರಳು. ಅದು ವರ್ಷವಿಡೀ ಕೆಂಪಗಿರುತ್ತಿತ್ತು. ಈರುಳ್ಳಿ ಬೇರಿನ ತುದಿಯನ್ನು ಕತ್ತರಿಸಿ, ಕೆಂಪು ಬಣ್ಣದಲ್ಲಿ ನೆನೆಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಎರಡಾಗುವುದು ಕಾಣುತ್ತದಂತೆ. ಆ ಒತ್ತುವ ಕೆಲಸವನ್ನು ಅವರು ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ಆದರೆ ಪ್ರತಿಯೊಬ್ಬರದ್ದೂ ಸರಿಯಾಗಿಲ್ಲ ಅಂತ ತಾವೇ ಇನ್ನೊಂದು ಸಲ ಒತ್ತುತ್ತಿದ್ದರು. ಬ್ಯಾಂಕಿನಲ್ಲಿ ಒಮ್ಮೆ ಗುಮಾಸ್ತ ಆ ಬೆರಳು ನೋಡಿ, "ಸೈನ್ ಬರಲ್ವೇನಮ್ಮಾ, ಹೆಬ್ಬೆಟ್ಟೇನಾ?" ಅಂದನಂತೆ. ಇವರು ಹೌದು ಅಂತ ಹೆಬ್ಬೆಟ್ಟನ್ನೇ ಒತ್ತಿ ಬಂದಿದ್ದರು.

ಸ್ಟಾಫ್ ರೂಮಿನ ಕಿಟಕಿ ಕಟ್ಟೆಯ ಮೇಲೆ ಕಾಫಿ ಲೋಟಗಳಲ್ಲಿ ನೀರು ತುಂಬಿ, ಒಂದೊಂದರ ಮೇಲೆ ಒಂದೊಂದು ಈರುಳ್ಳಿ ಕೂರಿಸಿರುತ್ತಿದ್ದರು. ಬೇರು ನೀರಿಗಿಳಿಯಲಿ ಅಂತ. ಒಂದು ಸೋಮವಾರ ಬಂದು ನೋಡಿದರೆ ಆರು ಲೋಟವೂ ತೊಳೆದು ಬೋರಲಾಗಿತ್ತು.

"ರಂಗಮ್ಮಾ, ನನ್ನ ಈರುಳ್ಳಿ?"

"ಬೇರು ಬುಟ್ಕಂಡಿದ್ದೋ ಅಮ್ಮೋರೆ. ಹಾಳಾಯ್ತವೆ ಅಂತ ಶನಿವಾರದ ಉಪ್ಪಿಟ್ಟಿಗೆ ಹಾಕ್ಬುಟ್ಟೆ."

ಆ ಉಪ್ಪಿಟ್ಟನ್ನು ನಾವೆಲ್ಲ ತಿಂದಿದ್ದೆವು. ಮೇಡಂ ಎರಡನೇ ಸಲ ಹಾಕಿಸಿಕೊಂಡಿದ್ದರು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ. "ಎಣಿಸಿದ್ರಾ?" ಮದುವೆಗೆ ಬಹಳ ಜನ ಬಂದಿದ್ರು ಅಂದರೆ, ಎಣಿಸಿದ್ರಾ? ಈ ಸಲ ತರಗತಿಯಲ್ಲಿ ಯಾರೂ ಓದುತ್ತಿಲ್ಲ ಅಂದರೆ, ಎಣಿಸಿದ್ರಾ? ನಾನು ಒಮ್ಮೆ ಕೋಪದಿಂದ, ನಿಮ್ಮ ಹತ್ತಿರ ಮಾತಾಡೋದೇ ಕಷ್ಟ, ಸಾವಿರ ಸಲ ಹೇಳಿದ್ದೀನಿ ಅಂದೆ. ನನ್ನ ಮುಖವನ್ನೇ ನೋಡುತ್ತ ನಿಂತರು. ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು, ಎದ್ದು ಹೋದೆ.

ಕನ್ನಡದವಳಾದ ನನ್ನನ್ನೂ ಅವರು ಬಿಟ್ಟವರಲ್ಲ. ಒಂದು ದಿನ ಬಲವಂತವಾಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನನಗೆ ಕಂಡದ್ದು ನನ್ನದೇ ಕಣ್ಣಿನ ರೆಪ್ಪೆ. "ಕಾಣ್ತಾ?" ಅಂದರು. ಕಾಣ್ತು ಅಂದೆ. "ಎಷ್ಟಿವೆ?" ಅಂದರು. ಸಿಕ್ಕಿಬಿದ್ದೆ. ಅರ್ಧ ಗಂಟೆ ಅಲ್ಲೇ ಕೂರಿಸಿ ತಿರುಪು ತಿರುಗಿಸಿ, ಕೊನೆಗೂ ನನಗೆ ಆ ಕೆಂಪು ದಾರದ ತುಂಡುಗಳನ್ನು ಕಾಣಿಸಿಯೇ ಎಬ್ಬಿಸಿದರು.

ಇಂಥವರು ಎಣಿಕೆಯಲ್ಲೇ ತಪ್ಪಿದ್ದರು.

ಚೈತ್ರಾ ಕೇಳಿದ ಮಾರನೇ ದಿನ ಅವರು ಬಂದಾಗ ಕೈಯಲ್ಲೊಂದು ದೊಡ್ಡ ಬಟ್ಟೆಯ ಬ್ಯಾಗಿತ್ತು. ಹಿಂದಿನ ಸಂಜೆಯೇ ತವರಿಗೆ, ಕಡಬಕ್ಕೆ, ಹೋಗಿ ಬಂದಿದ್ದರಂತೆ. ಬ್ಯಾಗಿನಿಂದ ಸಿಪ್ಪೆ ಸಮೇತ ಇದ್ದ ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕಡೆ ತೋಟದಲ್ಲಿ ಕಾಯಿ ಕೆಡವಿದ ದಿನ ಎರಡೆರಡನ್ನು ಜೋಡಿ ಕಟ್ಟುವುದುಂಟು. ಈ ಕಾಯಿಯ ಸಿಪ್ಪೆಯಿಂದ ಒಂದು ಎಳೆ, ಆ ಕಾಯಿಯದ್ದೊಂದು ಎಳೆ ಸುಲಿದು, ಎರಡನ್ನೂ ಸೇರಿಸಿ ಗಂಟು ಹಾಕಿದರೆ ಹೆಗಲ ಮೇಲೆ ಹಾಕಿಕೊಂಡು ಬರಬಹುದು, ಬಿದಿರ ಗಳುವಿನ ಮೇಲೆ ನೇತು ಹಾಕಬಹುದು. ಅಂಥ ಮೂರು ಜೋಡಿ.

"ಕೇಳಿ" ಅಂದರು ನನಗೆ. "ಮನುಷ್ಯನ ಒಂದು ಕೋಶದಲ್ಲಿ ಕ್ರೋಮೋಸೋಮು ನಲವತ್ತಾರು. ಕೋಶ ಎರಡಾಗೋಕೆ ಮುಂಚೆ ಒಂದೊಂದು ಕ್ರೋಮೋಸೋಮೂ ತನ್ನಂಥದೇ ಇನ್ನೊಂದನ್ನ ಮಾಡ್ಕೊಳ್ಳುತ್ತೆ. ಆದ್ರೆ ಎರಡೂ ಬಿಟ್ಟು ಹೋಗಲ್ಲ. ಒಂದು ಕಡೆ ಗಂಟು ಹಾಕ್ಕೊಂಡೇ ಇರುತ್ವೆ. ಹಿಂಗೆ. ಈಗ ಒಳಗಿರೋ ಸಾಮಾನು ಎರಡರಷ್ಟಾಯ್ತು. ಡಿಎನ್‌ಎ ಅನ್ನೋದು ಆ ಸಾಮಾನು. ಅದು ಎರಡರಷ್ಟು, ಸರಿ. ಕ್ರೋಮೋಸೋಮು ಎಷ್ಟು?"

"ತೊಂಬತ್ತೆರಡು" ಅಂದೆ.

"ಗಂಟು ಎಷ್ಟಿವೆಯೋ ಅಷ್ಟೇ. ನಲವತ್ತಾರೇ. ಗಂಟು ಕತ್ತರಿಸಿ ಎರಡೂ ಬೇರೆಯಾಗೋ ಗಳಿಗೇಲಿ ಮಾತ್ರ ತೊಂಬತ್ತೆರಡು. ಆಮೇಲೆ ಕೋಶನೇ ಇಬ್ಭಾಗ ಆಗಿ ಅಲ್ಲಿಗೆ ನಲವತ್ತಾರು, ಇಲ್ಲಿಗೆ ನಲವತ್ತಾರು."

ಲೋಟ ಇಡಲು ಬಂದ ರಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದೆಂಗಾಯ್ತದೆ ಅಮ್ಮೋರೆ? ಕಟ್ಟಿದ್ರೂ ಎಲ್ಡು ಕಾಯಿ, ಬಿಚ್ಚಿದ್ರೂ ಎಲ್ಡು ಕಾಯಿ. ನಮ್ಮಪ್ಪನ್ ಮುಂದೆ ಒಂದು ಅಂದಿದ್ರೆ ತೋಟ್ದಿಂದ್ಲೇ ಓಡಿಸೋನು."

"ನಮ್ಮಪ್ಪನೂ ಅಷ್ಟೇ ಕಣೇ ರಂಗಮ್ಮ. ಚಿಕ್ಕಂದಿನಲ್ಲಿ ಕಾಯಿ ಎಣಿಸೋಕೆ ನನ್ನನ್ನೇ ಕೂರಿಸೋನು. ನಾವು ಕಾಯಿ ಎಣಿಸಿ ಬೆಳೆದೋರು, ಗಂಟು ಎಣಿಸಿದೋರಲ್ಲ. ಆ ನೋಟ್ಸ್ ಬರೆಯೋವಾಗ ನಾನು ಕೆಲಸಕ್ಕೆ ಸೇರಿ ಇನ್ನೂ ಎರಡನೇ ವರ್ಷ. ಡಿಎನ್‌ಎ ಎರಡರಷ್ಟು ಅಂತ ಬರೆದ ಕೈ ಕೋಷ್ಟಕದ ಪಕ್ಕದ ಮನೇಲೂ ಎರಡರಷ್ಟು ಮಾಡ್ಬಿಟ್ಟಿದೆ. ಆಮೇಲೆ ಕ್ಲಾಸಲ್ಲಿ ಸರಿಯಾಗೇ ಹೇಳ್ತಾ ಬಂದೆ. ನೋಟ್ಸ್ ಮಾತ್ರ ತಿರುಗಿ ನೋಡ್ಲೇ ಇಲ್ಲ."

"ಇಷ್ಟು ವರ್ಷ ಒಬ್ಬರೂ ಕೇಳಲಿಲ್ವಾ?" ಅಂದೆ.

"ಬೋರ್ಡ್ ಮೇಲೆ ಬರೆದಿದ್ದನ್ನ ಡಸ್ಟರಲ್ಲಿ ಒರೆಸ್ತೀನಿ. ಕೈಬರಹ ಉಳಿಯುತ್ತೆ. ಉಳಿದಿದ್ದನ್ನೇ ನಂಬಿದ್ದಾರೆ."

ಆ ಎಂಟ್ರೆನ್ಸ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ. ತಪ್ಪಿದರೆ ಇರುವುದರಲ್ಲಿ ಒಂದು ಹೋಗುತ್ತದೆ. ಸೀಟು ಸಿಗುವುದೂ ತಪ್ಪುವುದೂ ಅಷ್ಟರಲ್ಲೇ. ಅವರ ನೋಟ್ಸ್ ನಮ್ಮ ಕಾಲೇಜಿನದಷ್ಟೇ ಆಗಿ ಉಳಿದಿರಲಿಲ್ಲ. ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಹೋಗಿ, ಜಿಲ್ಲೆಯಲ್ಲಿ 'ಗುಬ್ಬಿ ಮೇಡಂ ನೋಟ್ಸ್' ಅಂತ ಹೆಸರಾಗಿತ್ತು. ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗಿ ತಿದ್ದುತ್ತೇನೆ ಅಂತ ಅವರು ಅವತ್ತೇ ತೀರ್ಮಾನ ಮಾಡಿದರು. ಹದಿನೇಳು ದಿನದಲ್ಲಿ.

ವಾಟ್ಸಾಪಿನಲ್ಲಿ ಹಾಕಿಬಿಡಿ ಅಂದೆ. ಹಾಕಿದರು. ಇಬ್ಬರು ಕೈ ಮುಗಿದರು, ಒಬ್ಬರು ಹೂವಿನ ಚಿತ್ರ ಕಳಿಸಿದರು. ಸಂಜೆಗೆ ಒಬ್ಬ ಹುಡುಗ ಯಾವುದೋ ಗುಂಪಿನಲ್ಲಿ ಬರೆದಿದ್ದನ್ನು ಚೈತ್ರಾ ತಂದು ತೋರಿಸಿದಳು. 'ಇದು ಫೇಕ್ ಮೆಸೇಜ್. ಗುಬ್ಬಿ ಮೇಡಂ ನೋಟ್ಸಲ್ಲಿ ತಪ್ಪಿರಲ್ಲ. ಯಾರೂ ನಂಬಬೇಡಿ.'

ಮೇಡಂ ಓದಿ ಫೋನನ್ನು ಅವಳ ಕೈಗೆ ಕೊಟ್ಟರು. "ನನ್ ಮೇಲಿನ ನಂಬಿಕೆನೇ ನನ್ ಮಾತು ಕೇಳೋಕೆ ಬಿಡ್ತಿಲ್ಲ ನೋಡಿ. ಸರಿ. ಕಾಲಲ್ಲೇ ಹೋಗೋದು."

ಬೆಳಗಾಗುವಷ್ಟರಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಿ ಅವರು ಕರೆಸಿದರು. ಒಳ್ಳೆಯ ಮನುಷ್ಯರೇ. "ಮೇಡಮ್ಮೋರೆ, ತಪ್ಪು ಯಾರ್ ಮಾಡಲ್ಲ? ಮುಂದಿನ ವರ್ಷದಿಂದ ಸರಿ ಮಾಡ್ಕೊಳ್ಳಿ. ಈಗ ಅಡ್ಮಿಷನ್ ಟೈಮು. ನೀವು ಊರೂರು ತಿರುಗಿ ನಂದು ತಪ್ಪು, ನಂದು ತಪ್ಪು ಅಂತಿದ್ರೆ ನಮ್ ಕಾಲೇಜಿಗೆ ಯಾರ್ ಬರ್ತಾರೆ?"

"ಮುಂದಿನ ವರ್ಷದ ಮಕ್ಕಳು ಮುಂದಿನ ವರ್ಷ ಬರ್ತಾರೆ ಸರ್. ಈ ವರ್ಷದೋರು ಇನ್ನು ಹದಿನಾರು ದಿನಕ್ಕೆ ಪರೀಕ್ಷೇಲಿ ಕೂರ್ತಾರೆ."

"ಎಂಟ್ರೆನ್ಸ್ ಕೋಚಿಂಗ್ ಬೇರೆಯೋರಿಗೆ ಕೊಡಬೇಕಾಗುತ್ತೆ."

"ಕೊಡಿ ಸರ್" ಅಂದು ಎದ್ದು ಬಂದರು. ಇಷ್ಟು ವರ್ಷ ಕಟ್ಟಿದ ಕೋಚಿಂಗ್ ಅದು. ಹೊರಗೆ ಬಂದು ಬ್ಯಾಗು ಹೆಗಲಿಗೇರಿಸಿಕೊಂಡು, "ನೀವು ಬರ್ತೀರಾ? ಮಾತಾಡೋಕೆ ಜೊತೆ ಬೇಕು" ಅಂದರು. ನಾನು ಹೊರಟೆ.

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯವನ ಹತ್ತಿರ ಮೂಲ ಪ್ರತಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಭದ್ರವಾಗಿತ್ತು. ದೇವರ ಫೋಟೋದ ಹಿಂದಿನಿಂದ ತೆಗೆದುಕೊಟ್ಟ. ಮೇಡಂ ಅಲ್ಲೇ ಕೌಂಟರಿನ ಮೇಲೆ ಬಗ್ಗಿ ತೊಂಬತ್ತೆರಡನ್ನು ಹೊಡೆದು, ಪಕ್ಕದಲ್ಲಿ ನಲವತ್ತಾರು ಬರೆದು, ಕೆಳಗೆ ರುಜು ಹಾಕಿದರು.

"ಅಯ್ಯೋ, ನೀಟಾಗಿತ್ತಲ್ಲ ಮೇಡಮ್ಮೋರೆ!" ಅಂತ ಅವನು ಬಾಯಿ ಬಡಿದುಕೊಂಡ.

"ನೀಟಾಗೇ ತಪ್ಪಿತ್ತು. ಇನ್ನ್ಯಾರಿಗೆ ಕೊಟ್ಟಿದ್ದೀಯ?"

ತುಮಕೂರಿನ ಅವನ ಭಾವಮೈದುನನ ಅಂಗಡಿಗೆ ಒಂದು ಪ್ರತಿ ಹೋಗಿತ್ತು. ನಾವೂ ಹೋದೆವು. ಬಸ್ಸಿನಲ್ಲಿ ಕಂಡಕ್ಟರು ಕಾಲಿಗೆ ತಗುಲಿದ ಬ್ಯಾಗಿನೊಳಕ್ಕೆ ಇಣುಕಿ, "ಯಾವ್ ದೇವಸ್ಥಾನಕ್ಕಮ್ಮ ಇಷ್ಟೊಂದು ಕಾಯಿ?" ಅಂದ.

"ದೇವಸ್ಥಾನಕ್ಕಲ್ಲಪ್ಪ, ಪಾಠಕ್ಕೆ."

"ಪಾಠಕ್ಕೆ ಒಡೀತೀರಾ?"

"ಇಲ್ಲ, ಬಿಚ್ತೀನಿ."

ಅವನು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ತುಮಕೂರಿನ ಅಂಗಡಿಯಲ್ಲಿ ನೋಟ್ಸ್ ಕೈಬರಹದಲ್ಲಿ ಇರಲೇ ಇಲ್ಲ. ಕಂಪ್ಯೂಟರಿನಲ್ಲಿ ಟೈಪ್ ಆಗಿ, ನೀಲಿ ರಟ್ಟು ಹೊದ್ದು ಪುಸ್ತಕವಾಗಿತ್ತು. ಮೇಡಂ ಪುಟ ತಿರುಗಿಸಿದರು, ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಅವರ ಕೋಷ್ಟಕದಲ್ಲಿ ತಪ್ಪಿದ್ದದ್ದು ಒಂದು ಕಡೆ. ಪುಸ್ತಕದಲ್ಲಿ ಎರಡು ಕಡೆ ಆಗಿತ್ತು. ಕೋಶ ಇಬ್ಭಾಗವಾದ ಮೇಲಿನ ನಲವತ್ತಾರೂ ತೊಂಬತ್ತೆರಡಾಗಿತ್ತು.

ಟೈಪ್ ಮಾಡಿದ ಹುಡುಗಿ ಮೆಚ್ಚುಗೆಗೆ ಕಾಯುವವಳಂತೆ ಮುಂದೆ ಬಂದು ಹೇಳಿದಳು. "ನಡುವೆ ಎಲ್ಲ ತೊಂಬತ್ತೆರಡು ಇತ್ತು ಮೇಡಂ, ಕೊನೇಲಿ ಮಾತ್ರ ನಲವತ್ತಾರು ಇತ್ತು. ತಪ್ಪಿರ್ಬೇಕು ಅಂತ ನಾನೇ ಸರಿ ಮಾಡ್ದೆ."

ಮೇಡಂ ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ನಗಲಿಕ್ಕೆ ಶುರು ಮಾಡಿದರು. ಮೂರು ದಿನದಲ್ಲಿ ಮೊದಲ ಸಲ. "ನಾನೊಂದು ತಪ್ಪು ಹೆತ್ತು ಬಿಟ್ಟಿದ್ದೆ. ನೀನು ಅದಕ್ಕೊಂದು ಮಗು ಮಾಡಿಸಿದ್ದೀಯಲ್ಲೇ ತಾಯಿ!" ಆ ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಾಯಿ ಗಂಟು ತೋರಿಸಿ, ಎರಡೂ ಕಡೆ ತಿದ್ದಿಸಿದರು. ಕಪಾಟಿನಲ್ಲಿ ಉಳಿದಿದ್ದ ಅಷ್ಟೂ ಪುಸ್ತಕಗಳನ್ನು ನಾವು ಮೂವರೂ ಕೂತು ಪೆನ್ನಿನಲ್ಲಿ ತಿದ್ದುವಷ್ಟರಲ್ಲಿ ಸಂಜೆಯಾಯಿತು. ಪುಸ್ತಕ ಒಯ್ದವರ ಫೋನ್ ನಂಬರುಗಳಲ್ಲಿ ಸಿಕ್ಕಷ್ಟನ್ನು ಬರೆದುಕೊಂಡರು. ಮುಂದಿನ ಒಂದು ವಾರ ಅವರ ಕಿವಿಗೆ ಫೋನು ಅಂಟಿಕೊಂಡೇ ಇತ್ತು.

ಫೋನ್ ಎತ್ತದವರಲ್ಲಿ ಒಬ್ಬಳು ಸತ್ಯಮಂಗಲದ ಯಾವುದೋ ಚಿಕ್ಕ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಹೋದ ವರ್ಷ ಸೀಟು ಸಿಗದೆ, ಕೆಲಸ ಮಾಡಿಕೊಂಡೇ ಎರಡನೇ ಸಲ ಬರೆಯುತ್ತಿದ್ದವಳು. ಒಳಗೆ ಫೋನ್ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಗೇಟಿನ ಹತ್ತಿರ ನಿಂತು ಅವಳನ್ನು ಹೊರಗೆ ಕರೆಸಿದೆವು. ತಲೆಗೆ ಕಾರ್ಖಾನೆಯ ಟೋಪಿ ಹಾಕಿಕೊಂಡೇ ಬಂದಳು.

ವಿಷಯ ಕೇಳಿ ಅವಳ ಕಣ್ಣಲ್ಲಿ ನೀರು ಬಂತು. "ಹೋದ್ ಸಲ ಈ ಪ್ರಶ್ನೆಗೆ ತೊಂಬತ್ತೆರಡು ಅಂತಲೇ ಟಿಕ್ ಹಾಕಿದ್ದೆ ಮೇಡಂ. ಬಾಯಿಪಾಠ ಮಾಡಿದ್ನಲ್ಲ."

ಮೇಡಂ ಮುಖ ನೋಡಲಿಕ್ಕೆ ಆಗಲಿಲ್ಲ ನನಗೆ. ಅವರು ಬ್ಯಾಗಿನಿಂದ ಒಂದು ಜೋಡಿ ತೆಗೆದು ಆ ಹುಡುಗಿಯ ಕೈಗೆ ಕೊಟ್ಟರು. "ಗಂಟು ಹಿಡ್ಕೋ. ಎಷ್ಟು?"

"ಒಂದು."

"ಬಿಚ್ಚು."

ಗಂಟು ಬಿಗಿಯಾಗಿತ್ತು. ಅವಳು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. "ಈಗ ಎರಡು ಮೇಡಂ."

"ಇನ್ನು ಬಾಯಿಪಾಠ ಬೇಡ. ನಿನ್ ಕೈಗೆ ಗೊತ್ತಾಯ್ತು." ಅವಳು ಒಳಗೆ ಹೋಗುವಾಗ ಮೇಡಂ ಹಿಂದಿನಿಂದ ಕೂಗಿ ಹೇಳಿದರು. "ಹೋದ್ ಸಲದ್ದು ನಿನ್ ತಪ್ಪಲ್ಲ ಕಣವ್ವ. ನಂದು."

ಬಸ್ ಸ್ಟಾಪಿಗೆ ಬಂದೆವು. ಮೇಡಂ ಬ್ಯಾಗು ಕೆಳಗಿಟ್ಟು ಕೇಳಿದರು. "ಇಂಥೋರು ಎಷ್ಟು ಜನ ಇರ್ಬೋದು?" ಎಣಿಸಲಾಗದ್ದನ್ನು ಅವರು ಕೇಳಿದ್ದು ಅದೊಂದೇ ಸಲ.

ಉಳಿದದ್ದು ಕುಣಿಗಲ್. ಆ ನೀಲಿ ರಟ್ಟಿನ ಪುಸ್ತಕ ಅತಿ ಹೆಚ್ಚು ಹೋಗಿದ್ದು ಅಲ್ಲಿನ ಒಂದು ಟ್ಯುಟೋರಿಯಲ್‌ಗೆ. ನಡೆಸುವವನು ಮೇಡಂ ಹಳೇ ವಿದ್ಯಾರ್ಥಿ. ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು, ಬಿಸಿಲು ಏರುವ ಹೊತ್ತಿಗೆ ಅಲ್ಲಿಗೆ ಮುಟ್ಟಿದೆವು. ಪಾತ್ರೆ ಅಂಗಡಿಯ ಮೇಲಿನ ಮಹಡಿ. ಅವನು ಮೇಡಂ ಅವರನ್ನು ನೋಡಿದವನೇ ಕಾಲಿಗೆ ಬಿದ್ದ, ಎಳನೀರು ತರಿಸಿದ, ಗೋಡೆಯ ಮೇಲಿನ ಸೀಟು ಸಿಕ್ಕವರ ಫೋಟೋಗಳನ್ನು ತೋರಿಸಿದ. ಬಂದ ಕೆಲಸ ಹೇಳಿದ ಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಮೇಡಂ, ಆರು ವರ್ಷದಿಂದ ಇದನ್ನೇ ಹೇಳ್ಕೊಟ್ಟಿದ್ದೀನಿ. ಒಳಗೆ ನಲವತ್ತು ಮಕ್ಕಳವ್ರೆ. ಪರೀಕ್ಷೆಗೆ ಆರು ದಿನ ಇರೋವಾಗ ತಪ್ಪು ಅಂದ್ರೆ, ನಾಳೆ ಅವ್ರ ಅಪ್ಪಂದ್ರು ಮೆಟ್ಲು ಹತ್ತಿ ಬತ್ತಾರೆ. ನನ್ ಬದುಕು ಮೇಡಂ ಇದು."

"ಮಕ್ಕಳದ್ದು?"

"ಆ ಪ್ರಶ್ನೆ ಬರಲ್ಲ ಬಿಡಿ ಮೇಡಂ."

"ಬಂದ್ರೆ?"

ಅವನು ತಲೆ ತಗ್ಗಿಸಿದ.

"ಆರು ವರ್ಷದಲ್ಲಿ ಒಂದ್ ಸಲನಾದ್ರೂ ಎಣಿಸಿದ್ಯೇನಪ್ಪ?"

"ಇಲ್ಲ ಮೇಡಂ." ತಲೆ ತಗ್ಗಿಸಿಯೇ ಹೇಳಿದ. "ನೀವು ಬರೆದಿದ್ರಲ್ಲ, ಅಂತ."

ಮೇಡಂ ಎಳನೀರಿನ ಲೋಟ ಕೆಳಗಿಟ್ಟರು. "ಸರಿ. ನೀನು ಏನೂ ಹೇಳ್ಬೇಡ. ನಾನು ಹೇಳ್ತೀನಿ. ಬಾಗಿಲು ತೆಗಿ."

ಒಳಗೆ ನಲವತ್ತು ಮಕ್ಕಳು ಎರಡು ಫ್ಯಾನಿನ ಕೆಳಗೆ ಒತ್ತೊತ್ತಾಗಿ ಕೂತಿದ್ದರು. ಗುಬ್ಬಿ ಮೇಡಂ ಅಂತ ಅವನು ಪರಿಚಯ ಮಾಡಿಕೊಟ್ಟ ಕೂಡಲೇ ಗುಸುಗುಸು ಎದ್ದಿತು; ಹೆಸರು ಕೇಳಿದ್ದರು, ಮುಖ ನೋಡಿರಲಿಲ್ಲ. ಮೇಡಂ ಕಾಯಿಗಳನ್ನು ಮೇಜಿನ ಮೇಲಿಟ್ಟರು. ಬಳಸಿ ಮಾತಾಡಲಿಲ್ಲ.

"ನಿಮ್ಮ ಪುಸ್ತಕದಲ್ಲಿ ಕೋಶ ವಿಭಜನೆ ಕೋಷ್ಟಕ ತೆಗೀರಿ. ಎರಡನೇ ಸಾಲು ತಪ್ಪಿದೆ, ಕೊನೇ ಸಾಲೂ ತಪ್ಪಿದೆ. ಆ ತಪ್ಪು ನಿಮ್ಮ ಸರ್‌ದಲ್ಲ, ಟೈಪ್ ಮಾಡಿದೋರದ್ದೂ ಅಲ್ಲ. ಅದು ಹುಟ್ಟಿದ್ದು ನನ್ನ ಕೈಯಲ್ಲಿ. ಪೆನ್ ತಗೊಳ್ಳಿ, ಹೊಡೆದು ಹಾಕಿ."

ಯಾರೂ ಪೆನ್ನು ಎತ್ತಲಿಲ್ಲ. ಅಚ್ಚಾದ ಅಕ್ಷರದ ಮೇಲೆ ಗೀಟು ಹಾಕಲು ಹೆದರಿದಂತೆ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಮೇಡಂ ಕಾಯಿ ಜೋಡಿಗಳನ್ನು ಮೊದಲ ಸಾಲಿಗೆ ಕೊಟ್ಟು, ಕೈಯಿಂದ ಕೈಗೆ ದಾಟಿಸಿ ಅಂದರು. ಗಂಟು ಮುಟ್ಟಿ ನೋಡುತ್ತ, ಎಣಿಸುತ್ತ, ಒಬ್ಬೊಬ್ಬರೇ ಪೆನ್ನಿನ ಮುಚ್ಚಳ ತೆಗೆದರು. ಅರ್ಧ ಗಂಟೆ ಹಿಡಿಯಿತು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಮಿಸ್, ಹಂಗಾದ್ರೆ ನಿಮ್ ಬೇರೆ ನೋಟ್ಸೂ ನಂಬಂಗಿಲ್ವಾ?"

ಮಕ್ಕಳು ಗೊಳ್ಳೆಂದರು. ಟ್ಯುಟೋರಿಯಲ್‌ನವನ ಮುಖ ಬಿಳಿಚಿಕೊಂಡಿತು. "ಏಯ್, ಕೂತ್ಕಳೋ" ಅಂದ.

"ಅವನು ಸರಿಯಾಗೇ ಕೇಳಿದ್ದಾನೆ" ಅಂದರು ಮೇಡಂ. "ನಂಬಬೇಡ ಮಗನೆ. ನೀನೇ ಎಣಿಸು. ತಪ್ಪು ಸಿಕ್ರೆ ನಂಗೆ ಫೋನ್ ಮಾಡು."

ವಾ‍ಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೇಡಂ ಕೇಳಿದರು. "ನನ್ ಕಾಲು ನಡುಗ್ತಿತ್ತು. ನೋಡಿದ್ರಾ?"

"ಇಲ್ಲ ಮೇಡಂ."

"ಒಳ್ಳೇದಾಯ್ತು. ಸೀರೆ ಉಡೋದರಿಂದ ಇದೊಂದು ಉಪಯೋಗ."

ಎಂಟ್ರೆನ್ಸ್ ಮುಗಿಯಿತು. ಸಂಜೆ ಚೈತ್ರಾ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಮೇಡಂ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಮೊದಲಿನಿಂದ ಕೊನೆವರೆಗೂ ಬೆರಳಿಟ್ಟು ನೋಡಿದೆವು. ಆ ಪ್ರಶ್ನೆ ಬಂದಿರಲಿಲ್ಲ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಷ್ಟು ಓಡಾಡಿದ್ರಲ್ಲ ಮೇಡಂ, ಕೋಚಿಂಗ್ ಬೇರೆ ಹೋಯ್ತು" ಅಂದೆ.

"ಪ್ರಶ್ನೆ ಬರಲಿಲ್ಲ ಅಂತ ಕೋಶಗಳು ತಮ್ಮ ಕೆಲಸ ನಿಲ್ಲಿಸಿವೆಯೇನ್ರೀ?" ಅಂದು, ಚೈತ್ರಾಳಿಗೆ ತಿನ್ನಲಿಕ್ಕೆ ಏನಾದರೂ ತರುತ್ತೇನೆ ಅಂತ ಎದ್ದು ಅಡುಗೆ ಮನೆಗೆ ಹೋದರು.

ಕೋಚಿಂಗ್ ನಿಜವಾಗಿಯೂ ಹೋಯಿತು. ಜೂನಿನಿಂದ ಅದನ್ನು ಬೇರೊಬ್ಬರಿಗೆ ಕೊಟ್ಟರು. ಮೇಡಂ ಮೊದಲ ಪಿಯು ಮಕ್ಕಳಿಗೆ ಅದೇ ಹಳೆಯ ಹುಮ್ಮಸ್ಸಿನಲ್ಲಿ ಪಾಠ ಮಾಡಿಕೊಂಡಿದ್ದು, ಹೋದ ತಿಂಗಳು ನಿವೃತ್ತರಾದರು. ಕಾಲೇಜಿನ ಅಡ್ಮಿಷನ್ ಎಂದಿನಷ್ಟೇ ಇದೆ.

ಬೀಳ್ಕೊಡುಗೆಯಾದ ಹದಿನೈದು ದಿನಕ್ಕೆ ಫೋಟೋಗಳನ್ನು ಕೊಟ್ಟು ಬರೋಣ ಅಂತ ಅವರ ಮನೆಗೆ ಹೋಗಿದ್ದೆ. ಮಾತಾಡುತ್ತಿರುವಾಗ ಫೋನು ಬಂತು. ಕುಣಿಗಲ್‌ನ ಟ್ಯುಟೋರಿಯಲ್‌ನವನು. ಈ ವರ್ಷದ ಒಬ್ಬಳು ಹುಡುಗಿ ಅನುವಂಶೀಯತೆಯ ನೋಟ್ಸ್‌ನಲ್ಲಿ, ಹದಿನಾರು ಮನೆಗಳ ಚೌಕದಲ್ಲಿ, ಹನ್ನೊಂದನೇ ಮನೆ ತಪ್ಪಿದೆ ಅಂತ ಹಟ ಹಿಡಿದಿದ್ದಾಳಂತೆ. ಅವನೂ ಎಣಿಸಿ ನೋಡಿದನಂತೆ. ಮೇಡಂ ಕಪಾಟಿನಿಂದ ಹಳೆಯ ನೋಟ್ಸ್ ಪುಸ್ತಕ ತೆಗೆದು, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಒಂದೊಂದೇ ಮನೆ ದಾಟುತ್ತ ಹನ್ನೊಂದಕ್ಕೆ ಬಂದು ನಿಂತರು.

"ಹೌದಪ್ಪ" ಅಂದರು ಫೋನಿಗೆ. "ತಪ್ಪಿದೆ. ಆ ಹುಡುಗಿ ಹೆಸರೇನು? ನಾಳೆ ಕ್ಲಾಸು ಎಷ್ಟು ಗಂಟೆಗೆ?"

ಮಾರನೇ ದಿನ ಬೆಳಿಗ್ಗೆ ಏಳೂವರೆ ಬಸ್ಸಿಗೆ ಅವರು ಕುಣಿಗಲ್‌ಗೆ ಹೊರಟರು.